ಮಲಾವಿಯಿಂದ ಮರಳಿದ ಮೇಲೆ: ಸಭೆಯ ಮುಂದೆ ಯಾವ ವರದಿ ಒಪ್ಪಿಸಲಿ?

ಮರಳಿ ಬಂದವನು

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ಮಲಾವಿ ದೇಶದ ಡೆಡ್ಜಾ ಜಿಲ್ಲೆಯ ಒಂದು ಹಳ್ಳಿಯಲ್ಲಿ 16 ದಿನಗಳ ಸುವಾರ್ತಾ ಯಾತ್ರೆಯನ್ನು ಮುಗಿಸಿ ನಮ್ಮ ಸಭೆಯ, ಅಂದರೆ ಚರ್ಚಿನ, 11 ಮಂದಿ ಜುಲೈ ಕೊನೆಯಲ್ಲಿ ಹಿಂದಿರುಗಿದೆವು. ಇನ್ನೆರಡು ವಾರಗಳಲ್ಲಿ, ಭಾನುವಾರದ ಆರಾಧನೆಯ ನಂತರ, ತಂಡದ ಪರವಾಗಿ ನಾನು ವರದಿ ಒಪ್ಪಿಸಬೇಕಾಗಿದೆ. ಹೊರಡುವ ಮೊದಲೇ ಆ ವರದಿ ನನ್ನ ತಲೆಯಲ್ಲಿ ಅರ್ಧ ಸಿದ್ಧವಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ: ಎಷ್ಟು ಮನೆಗಳಿಗೆ ಭೇಟಿ, ಎಷ್ಟು ಮಕ್ಕಳಿಗೆ ಪಾಠ, ಎಷ್ಟು ಕೊಠಡಿಗಳಿಗೆ ಬಣ್ಣ, ಕೊನೆಯಲ್ಲಿ ನಗುವ ಮಕ್ಕಳ ನಡುವೆ ನಾವು ನಿಂತಿರುವ ಒಂದು ಚಿತ್ರ. ಈಗ ಬರೆಯಲು ಕುಳಿತರೆ, ಆಗಲೇ ಸಿದ್ಧವಾಗಿದ್ದ ಆ ಅರ್ಧವೇ ಉಳಿದರ್ಧಕ್ಕೆ ಅಡ್ಡ ಬರುತ್ತಿದೆ.

ನಡೆದದ್ದನ್ನು ಹೇಳುತ್ತೇನೆ. ಪ್ರಾಥಮಿಕ ಶಾಲೆಯ ಎರಡು ಕೊಠಡಿಗಳಿಗೆ ಬಣ್ಣ ಬಳಿಯುವುದು ನಮ್ಮ ಮುಖ್ಯ ಕೆಲಸವಾಗಿತ್ತು. ಎರಡನೆಯ ದಿನ ಗೋಡೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾಗ ಹಳದಿಯ ಕೆಳಗೆ ನೀಲಿ ಕಂಡಿತು. ಇನ್ನಷ್ಟು ಉಜ್ಜಿದಾಗ ನೀಲಿಯ ಕೆಳಗೆ ತಿಳಿಹಸಿರು ಇಣುಕಿತು. ಮುಖ್ಯೋಪಾಧ್ಯಾಯರನ್ನು ಕೇಳಿದೆ. ಹೋದ ವರ್ಷ ಬಂದವರು ಹಳದಿ ಬಳಿದರು, ಅದರ ಹಿಂದಿನ ವರ್ಷದವರು ನೀಲಿ ಬಳಿದರು ಎಂದು ಅವರು ಯಾವ ಮುಜುಗರವೂ ಇಲ್ಲದೆ ತಿಳಿಸಿದರು. ಗೋಡೆಗಳೇನೂ ಕೊಳಕಾಗಿರಲಿಲ್ಲ. ನಾವು ಬರುತ್ತೇವೆಂದು ಗೊತ್ತಿದ್ದುದರಿಂದ ನಮ್ಮ ಕೈಗೊಂದು ಕೆಲಸವನ್ನು ಅವರು ತೆಗೆದಿರಿಸಿದ್ದರು, ಅಷ್ಟೆ.

ಅದೇ ಶಾಲೆಯ ಅಂಗಳದ ಮೂಲೆಯಲ್ಲಿ ಆಫ್ರಿಡೆವ್ ಕೈಪಂಪೊಂದು ಕೆಟ್ಟು ನಿಂತಿತ್ತು. ಐದು ದಿನಗಳ ಕಾಲ ನಾವು ಅದರ ಪಕ್ಕದಲ್ಲಿಯೇ ಕುಳಿತು ಬಕೆಟ್ಟುಗಳಲ್ಲಿದ್ದ ನೀರಿನಲ್ಲಿ ಕುಂಚಗಳನ್ನು ತೊಳೆದೆವು. ಆ ನೀರನ್ನು ಹೆಂಗಸರು ಆಚೆ ಹಳ್ಳಿಯ ಪಂಪಿನಿಂದ ತಲೆಯ ಮೇಲೆ ಹೊತ್ತು ತಂದು ನಮಗಾಗಿ ಇಡುತ್ತಿದ್ದರೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆರನೆಯ ದಿನ ನೀರಿನ ಸಮಿತಿಯ ಇಬ್ಬರು ಹೆಂಗಸರು ಜಿಲ್ಲಾ ಕೇಂದ್ರದಿಂದ (ಅದನ್ನು ಅಲ್ಲಿ ಬೋಮಾ ಎನ್ನುತ್ತಾರೆ) ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದಾದ ಒಂದು ರಬ್ಬರ್ ಸೀಲನ್ನು ತಂದರು. ಒಂದೇ ಸ್ಪ್ಯಾನರಿನಿಂದ ಪಂಪಿನ ತಲೆಯ ಮುಚ್ಚಳ ಬಿಚ್ಚಿದರು. ಸರಳುಗಳನ್ನು ಒಂದೊಂದಾಗಿ ಮೇಲಕ್ಕೆಳೆದು, ಕೊಕ್ಕೆ ಬಿಡಿಸಿ, ಒಣಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದರು. ಕೊನೆಯ ಸರಳಿನ ತುದಿಯ ಪ್ಲಂಜರಿನಿಂದ ಸವೆದ ಸೀಲನ್ನು ಕಿತ್ತು ಹೊಸದನ್ನು ಕೂರಿಸಿದರು. ನಮ್ಮ ತಂಡದಲ್ಲಿದ್ದ ಎಂಜಿನಿಯರ್ ಸಹೋದರರಿಗೆ ಅವರು ವಹಿಸಿದ್ದು ಸರಳು ಹಿಡಿದು ನಿಲ್ಲುವ ಕೆಲಸ. ಒಂದು ಗಂಟೆ ತುಂಬುವ ಮೊದಲೇ ನೀರು ಬಂತು. ಅಂದು ಸಂಜೆ ಅದೇ ಸಹೋದರರು ನಮ್ಮ ಸಭೆಯಿಂದ ಸೌರಪಂಪು ಕೊಡಿಸುವ ಮಾತೆತ್ತಿದಾಗ, ಅಲ್ಲಿನ ಸಭಾಹಿರಿಯರೊಬ್ಬರು ಅದು ಕೆಟ್ಟರೆ ಸೀಲು ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಿದರು.

ಬೀಳ್ಕೊಡುಗೆಯ ದಿನ ಅದೇ ಹಿರಿಯರು ಚಿಚೆವಾ ಭಾಷೆಯ ಒಂದು ಗಾದೆ ಹೇಳಿದರು: ಮ್ಲೆಂಡೊ ಅಮಾಡ್ಜಾ ನ್ಡಿ ಕಲೂಮೊ ಕಕೂತ್ವಾ. ಅತಿಥಿಯು ಹರಿತವಾದ ಅಲಗನ್ನು ತರುತ್ತಾನೆ, ಅಂದರೆ ಮನೆಯವರಿಂದ ಬಿಡಿಸಲಾಗದ ಗಂಟನ್ನು ಹೊರಗಿನಿಂದ ಬಂದವನು ಕತ್ತರಿಸಬಲ್ಲನು ಎಂದರ್ಥ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಯಾವ ಗಂಟನ್ನು ಕತ್ತರಿಸಿದೆವು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಕಾಣಿಕೆ ಕೊಟ್ಟು ಕಳುಹಿಸಿದ ಸಭೆಗೆ ನಾನು ಏನು ಹೇಳಬೇಕು? ಇಂಥ ಯಾತ್ರೆಗಳನ್ನು ಮುಗಿಸಿ ಬಂದವರು ದಯವಿಟ್ಟು ಬರೆಯಿರಿ.

ನಿವೃತ್ತ ಸಭಾಪಾಲಕ

ಸಹೋದರರೇ, ನಿಮ್ಮ ಕಷ್ಟ ಹೊಸದಲ್ಲ. ಸತ್ಯವೇದದಲ್ಲಿಯೇ ಹಿಂದಿರುಗಿ ಬಂದವರ ವರದಿಗಳು ಮೂರು ಕಡೆ ಇವೆ, ಮೂರೂ ಬೇರೆಬೇರೆ ಬಗೆಯವು. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಎಪ್ಪತ್ತು ಮಂದಿ ಶಿಷ್ಯರು ಸಂತೋಷದಿಂದ ಉಬ್ಬಿ ಬಂದು, ದೆವ್ವಗಳೂ ತಮಗೆ ಅಧೀನವಾದವೆಂದು ಹೇಳುತ್ತಾರೆ. ಯೇಸು ಅವರ ಸಂತೋಷವನ್ನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕಾಗಿ ಹಿಗ್ಗಬೇಡಿರಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆಯೆಂದು ಹಿಗ್ಗಿರಿ ಎನ್ನುತ್ತಾನೆ. ಮಾರ್ಕನ 6ನೆಯ ಅಧ್ಯಾಯದಲ್ಲಿ ಅಪೊಸ್ತಲರು ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ಒಂದೂ ಬಿಡದೆ ಹೇಳಿದಾಗ ಆತನು ಹೊಗಳಲೂ ಇಲ್ಲ, ತಿದ್ದಲೂ ಇಲ್ಲ, ವಿಂಗಡವಾಗಿ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದು ಕರೆಯುತ್ತಾನೆ. ಇನ್ನು ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯದ ಕೊನೆಯಲ್ಲಿ ಪೌಲ ಬಾರ್ನಬರು ಅಂತಿಯೋಕ್ಯದ ಸಭೆಯನ್ನು ಕೂಡಿಸಿ, ದೇವರು ತಮ್ಮ ಸಂಗಡ ಇದ್ದು ಏನೇನು ಮಾಡಿದನೆಂಬುದನ್ನು ತಿಳಿಸುತ್ತಾರೆ. ಅಲ್ಲಿ ಕರ್ತೃ ಯಾರೆಂಬುದನ್ನು ಗಮನಿಸಿ.

ಅದೇ ಲೂಕನ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ಹೊರಟವರಿಗೆ ಹಮ್ಮೀಣಿಯೂ (ಹಣದ ಚೀಲವೂ) ಬೇಡ, ಹಸಿಬೆಯೂ (ದಾರಿಯ ಚೀಲವೂ) ಬೇಡ, ಒಂದೇ ಮನೆಯಲ್ಲಿ ಇಳಿದುಕೊಂಡು ಅವರು ಬಡಿಸಿದ್ದನ್ನು ಉಣ್ಣಬೇಕೆಂಬ ಅಪ್ಪಣೆಯಿತ್ತು. ಕಳುಹಿಸಲ್ಪಟ್ಟವರು ಅತಿಥೇಯರ ಹಂಗಿನಲ್ಲಿರಬೇಕೆಂಬುದು ಆ ಅಪ್ಪಣೆಯ ತಿರುಳು ಎಂದು ನಾನು ತಿಳಿದಿದ್ದೇನೆ. ನಿಮ್ಮ ಬಕೆಟ್ಟಿನ ನೀರಿನ ಸಂಗತಿಯನ್ನು ಓದಿದಾಗ ನನಗೆ ನೆನಪಾದದ್ದು ಇದೇ. ಹಮ್ಮೀಣಿ ತುಂಬಿಸಿಕೊಂಡು ಹೋದ ನೀವು ಗೊತ್ತಿಲ್ಲದೆಯೇ ಹಂಗಿನಲ್ಲಿದ್ದಿರಿ. ವರದಿಯನ್ನು ಅಲ್ಲಿಂದಲೇ ಪ್ರಾರಂಭಿಸಬಹುದಲ್ಲವೇ?

ಲೆಕ್ಕ ಕೇಳುವವನು

ಅಯ್ಯನವರ ಮಾತಿಗೆ ಗೌರವವಿಟ್ಟುಕೊಂಡೇ ಒಂದು ಒರಟು ಪ್ರಶ್ನೆ ಕೇಳುತ್ತೇನೆ. ನಾನು ಹಲವು ವರ್ಷ ಸಭೆಯ ಖಜಾಂಚಿಯಾಗಿದ್ದವನು, ಆದ್ದರಿಂದ ಈ ರೋಗ ನನ್ನನ್ನು ಬಿಟ್ಟಿಲ್ಲ. 11 ಮಂದಿಯ ವಿಮಾನದ ಟಿಕೆಟ್ಟು, ವೀಸಾ, ವಿಮೆ, ವಸತಿ ಇವೆಲ್ಲವನ್ನೂ ಕೂಡಿಸಿದ ಮೊತ್ತವನ್ನು ಒಂದು ಕಡೆ ಬರೆಯಿರಿ. ಎರಡು ಕೊಠಡಿಗಳ ಬಣ್ಣಕ್ಕೂ ಅದೇ ಊರಿನ ಇಬ್ಬರು ಪೇಂಟರುಗಳ ಒಂದು ವಾರದ ಕೂಲಿಗೂ ತಗಲುವ ಹಣವನ್ನು ಇನ್ನೊಂದು ಕಡೆ ಬರೆಯಿರಿ. ಆ ಎರಡು ಅಂಕಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೋರಿಸುವ ಧೈರ್ಯ ನಿಮ್ಮ ಸಭೆಗೆ ಇದೆಯೇ?

ಇದು ನನ್ನೊಬ್ಬನ ಕುಹಕವಲ್ಲ. ಪೂರ್ವ ಆಫ್ರಿಕದ ಪ್ರೆಸ್ಬಿಟೇರಿಯನ್ ಸಭೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೆನ್ಯಾದ ಜಾನ್ ಗಾಟು ಅವರು 1971ರಲ್ಲಿಯೇ, ಹೊರದೇಶದ ಮಿಷನರಿಗಳು ಕೆಲವು ವರ್ಷಗಳ ಮಟ್ಟಿಗಾದರೂ ಬರುವುದನ್ನು ನಿಲ್ಲಿಸಲಿ, ಆಫ್ರಿಕದ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯಲಿ ಎಂದು ಬಹಿರಂಗವಾಗಿ ಕೇಳಿದರು. 1974ರಲ್ಲಿ ಜಾಂಬಿಯಾದ ಲುಸಾಕಾದಲ್ಲಿ ಕೂಡಿದ್ದ ಸಮಸ್ತ ಆಫ್ರಿಕ ಸಭೆಗಳ ಸಮ್ಮೇಳನವೂ ಆ ಕರೆಗೆ ದನಿಗೂಡಿಸಿತು. ಅದು ದೀರ್ಘಕಾಲ ಇದ್ದು, ಭಾಷೆ ಕಲಿತು, ಅಲ್ಲಿಯೇ ಮಣ್ಣಾದ ಮಿಷನರಿಗಳ ಬಗ್ಗೆ ಬಂದ ಮಾತು. ಅಂಥವರನ್ನೇ ಬೇಡವೆಂದ ಮೇಲೆ 16 ದಿನಗಳವರ ಗತಿಯೇನು?

ಮಧ್ಯ ಮಲಾವಿಯಲ್ಲಿದ್ದ ದಾದಿ

ನಾನು ಮಲಾವಿಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಆರು ವರ್ಷ ದಾದಿಯಾಗಿದ್ದೆ. ಲೆಕ್ಕದ ಮಾತು ನಿಜ. ಆದರೆ ಅದಕ್ಕಿಂತ ಮುಂಚೆ ಹೇಳಲೇಬೇಕಾದ ಒಂದು ಸಂಗತಿಯಿದೆ, ನಿಮ್ಮ ತಂಡದವರೆಲ್ಲರಿಗೂ ಇಂದೇ ಮುಟ್ಟಿಸಿ. ಮಲೇರಿಯಾ ತಡೆಯುವ ಮಾತ್ರೆಯನ್ನು ಊರಿಗೆ ಬಂದ ದಿನವೇ ನಿಲ್ಲಿಸಬಾರದು. ಅಟೋವಾಕ್ವೋನ್-ಪ್ರೊಗ್ವಾನಿಲ್ ಆಗಿದ್ದರೆ ಮರಳಿದ ಮೇಲೆ 7 ದಿನ, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೊಕ್ವಿನ್ ಆಗಿದ್ದರೆ 4 ವಾರ ನುಂಗಬೇಕು. ಮುಂದಿನ ಕೆಲವು ತಿಂಗಳುಗಳಲ್ಲಿ ಯಾರಿಗೇ ಜ್ವರ ಬಂದರೂ ನೆಗಡಿಯ ಜ್ವರವೆಂದು ಕಾಯದೆ, ಮಲಾವಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಿ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಕೊನೆಯ ದಿನ ವಿಹಾರಕ್ಕೆಂದು ಮಲಾವಿ ಸರೋವರಕ್ಕೆ ಇಳಿದವರಿದ್ದರೆ ಬಿಲ್ಹಾರ್ಜಿಯಾ (ಸಿಹಿನೀರಿನಿಂದ ಚರ್ಮದ ಮೂಲಕ ಹೊಕ್ಕುವ ಹುಳುವಿನ ರೋಗ) ಪರೀಕ್ಷೆಯ ಬಗ್ಗೆಯೂ ವೈದ್ಯರೊಂದಿಗೆ ಮಾತನಾಡಲಿ. ಅದು ಕೂಡಲೇ ಗೊತ್ತಾಗುವುದಿಲ್ಲ, ಕೆಲವು ವಾರಗಳಾದ ಮೇಲೆ ಮಾಡಿಸಬೇಕಾದ ಪರೀಕ್ಷೆ.

ಇನ್ನು ನಿಮ್ಮ ವರದಿ. ಬಡವರಾದರೂ ಎಷ್ಟು ಸಂತೋಷವಾಗಿದ್ದಾರೆ ಎಂಬ ವಾಕ್ಯ ನಿಮ್ಮ ಕರಡಿನಲ್ಲಿದ್ದರೆ ದಯವಿಟ್ಟು ಅಳಿಸಿಬಿಡಿ. ನೀವು ಹೋದದ್ದು ಜುಲೈನಲ್ಲಿ. ಜೋಳದ, ಅಂದರೆ ನಾವು ಮುಸುಕಿನ ಜೋಳವೆನ್ನುವುದರ, ಕೊಯ್ಲು ಏಪ್ರಿಲ್ ಮೇ ತಿಂಗಳುಗಳಲ್ಲಿ ಮುಗಿದಿರುತ್ತದೆ. ಜುಲೈನಲ್ಲಿ ಕಣಜಗಳು ತುಂಬಿರುತ್ತವೆ, ಮಳೆಯಿಲ್ಲದೆ ದಾರಿಗಳು ಒಣಗಿರುತ್ತವೆ, ಮದುವೆಗಳು ನಡೆಯುತ್ತವೆ. ಹೊರಗಿನ ತಂಡಗಳು ತಮ್ಮ ರಜೆಯನ್ನು ನೋಡಿಕೊಂಡು ಬರುವುದರಿಂದ ಅವರ ಕಣ್ಣಿಗೆ ಬೀಳುವುದು ಯಾವಾಗಲೂ ಸುಗ್ಗಿಯ ಮಲಾವಿಯೇ. ಜನವರಿಯಿಂದ ಮಾರ್ಚ್‌ವರೆಗೆ, ಹಳೆಯ ಜೋಳ ಮುಗಿದು ಹೊಸದು ಇನ್ನೂ ಹೊಲದಲ್ಲಿ ಹಸಿರಾಗಿರುವಾಗ, ಅದೇ ಮನೆಗಳಲ್ಲಿ ಒಂದು ಹೊತ್ತಿನ ನ್ಸೀಮಾ (ಜೋಳದ ಹಿಟ್ಟಿನ ಮುದ್ದೆ) ಬೇಯುವುದೂ ಕಷ್ಟ. ಮಲೇರಿಯಾ ಹೆಚ್ಚುವುದೂ ಆ ಮಳೆಗಾಲದಲ್ಲಿಯೇ. ನಮ್ಮ ಮಕ್ಕಳ ವಾರ್ಡಿನಲ್ಲಿ ಒಂದು ಹಾಸಿಗೆಗೆ ಇಬ್ಬರು ಮಕ್ಕಳನ್ನು ಮಲಗಿಸಿದ ಫೆಬ್ರವರಿಗಳನ್ನು ನಾನು ಮರೆಯಲಾರೆ. ಆ ಆರು ವರ್ಷಗಳಲ್ಲಿ ಒಂದೇ ಒಂದು ತಂಡವೂ ಫೆಬ್ರವರಿಯಲ್ಲಿ ಬರಲಿಲ್ಲ.

ಮರಳಿ ಬಂದವನು

ಅಕ್ಕ, ನೀವು ಹೇಳಿದ ವಾಕ್ಯ ನನ್ನ ಕರಡಿನ ಎರಡನೆಯ ಪ್ಯಾರಾದಲ್ಲಿತ್ತು. ಅಳಿಸಿದ್ದೇನೆ. ಮಾತ್ರೆಯ ವಿಷಯವನ್ನು ತಂಡಕ್ಕೆ ತಿಳಿಸಿದಾಗ ನಾಲ್ವರು ಆಗಲೇ ನಿಲ್ಲಿಸಿದ್ದುದು ಗೊತ್ತಾಯಿತು. ವೈದ್ಯರನ್ನು ಕಾಣಲು ಹೋಗಿದ್ದಾರೆ. ತುಂಬಾ ಉಪಕಾರವಾಯಿತು.

ಖಜಾಂಚಿಯವರೇ, ಎರಡು ಅಂಕಿಗಳನ್ನೂ ಬರೆದು ನೋಡಿದೆ. ನೀವು ಊಹಿಸಿದ್ದಕ್ಕಿಂತ ಕೆಟ್ಟದಾಗಿದೆ. ಆದರೆ ಆ ಹಣವನ್ನು ಟಿಕೆಟ್ಟಿಗಲ್ಲದೆ ಬೇರೆ ಯಾವುದಕ್ಕಾದರೂ ನಮ್ಮ ಸಭೆ ಕೊಡುತ್ತಿತ್ತೇ ಎಂದು ನನ್ನನ್ನೇ ಕೇಳಿಕೊಂಡರೆ, ಕೊಡುತ್ತಿರಲಿಲ್ಲ ಎಂಬ ಉತ್ತರವೇ ಬರುತ್ತದೆ. ನಮ್ಮ ಮಕ್ಕಳು ಹೋಗುತ್ತಾರೆಂದು ಜನ ಕೊಟ್ಟರು. ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಹತ್ತೊಂಬತ್ತರಲ್ಲಿ ಹೋದವಳು

ಇಲ್ಲಿಯವರೆಗಿನ ಮಾತುಗಳನ್ನು ಓದಿ ನನಗೆ ಸ್ವಲ್ಪ ಸಿಟ್ಟು ಬಂದಿದೆ, ಕ್ಷಮಿಸಿ. ನಾನು 19ನೆಯ ವಯಸ್ಸಿನಲ್ಲಿ ಇಂಥದೇ ಒಂದು ಯಾತ್ರೆಗೆ ಹೋಗಿದ್ದೆ. ನಾನೂ ಗೋಡೆಗೆ ಬಣ್ಣ ಬಳಿದೆ, ನಾನೂ ತಿಂಗಳುಗಟ್ಟಲೆ ಅಪರಾಧಿ ಭಾವದಲ್ಲಿ ಒದ್ದಾಡಿದೆ. ಆಮೇಲೆ ಒಂದು ದಿನ ಗೊತ್ತಾಯಿತು: ಹೋಗುವಾಗ ನಾನು ಅವರನ್ನು ಉದ್ಧಾರ ಮಾಡುವ ನಾಯಕಿಯಾಗಿದ್ದೆ, ಬಂದ ಮೇಲೆ ಅವರಿಗೆ ಅನ್ಯಾಯ ಮಾಡಿದ ಖಳನಾಯಕಿಯಾದೆ, ಎರಡು ಕಥೆಗಳಲ್ಲಿಯೂ ನಡುವೆ ನಿಂತಿದ್ದವಳು ನಾನೇ. ಅಲ್ಲಿನವರಿಗೆ ನಾನು ಅಷ್ಟೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಅವರು ನೆಂಟರನ್ನು ಕಾಣುವಂತೆ ನನ್ನನ್ನು ಕಂಡರು, ಊಟ ಹಾಕಿದರು, ಮರೆತರು.

1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ನಮ್ಮ ದೇಶದವರೇ ಆದ ವಿ. ಎಸ್. ಅಜರಾಯ ಅವರು, ಮುಂದೆ ದೋರ್ಣಕಲ್ಲಿನ ಬಿಷಪ್ ಆದವರು, ಪಾಶ್ಚಾತ್ಯ ಮಿಷನರಿಗಳ ದಾನ ತ್ಯಾಗಗಳನ್ನೆಲ್ಲ ನೆನೆದು, ಕೊನೆಯಲ್ಲಿ ನಮಗೆ ಸ್ನೇಹಿತರನ್ನು ಕೊಡಿರಿ ಎಂದು ಬೇಡಿಕೊಂಡರು. ಆಗ ಬೇಡಿದವರ ಸ್ಥಾನದಲ್ಲಿ ನಾವಿದ್ದೆವು, ಈಗ ವಿಮಾನ ಹತ್ತಿ ಹೋಗುವವರ ಸ್ಥಾನದಲ್ಲಿಯೂ ನಾವೇ ಇದ್ದೇವೆ. ಎರಡೂ ಬದಿಯ ಅನುಭವವಿರುವ ನಾವು ಆ ಬೇಡಿಕೆಯನ್ನು ಇನ್ನಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಿತ್ತು. ಸ್ನೇಹಕ್ಕೆ ಬಣ್ಣದ ಡಬ್ಬಿಯ ನೆವ ಬೇಕಾಗಿಲ್ಲ ಎಂಬುದಷ್ಟೇ ನನ್ನ ತಕರಾರು. ನೆಂಟರಾಗಿಯೇ ಹೋಗಿ.

ಮಕ್ಕಳ ರಕ್ಷಣೆಯ ಕೆಲಸದವಳು

ಒಂದೇ ವಿಷಯ: ನಗುವ ಮಕ್ಕಳ ಆ ಚಿತ್ರ. ಆ ಮಕ್ಕಳ ತಂದೆತಾಯಿಗಳನ್ನು ಕೇಳಿ ತೆಗೆದದ್ದೇ? ನಿಮ್ಮ ಸಭೆಯ ಭಾನುವಾರ ಶಾಲೆಯ ಮಕ್ಕಳ ಚಿತ್ರವನ್ನು ಅಪರಿಚಿತರೊಬ್ಬರು ತೆಗೆದು ಬೇರೆ ದೇಶದಲ್ಲಿ ಪರದೆಯ ಮೇಲೆ ತೋರಿಸಿದರೆ ನೀವು ಸುಮ್ಮನಿರುತ್ತೀರಾ? ತಂಡದ ಕಾರ್ಯಕ್ರಮದಲ್ಲಿ ಅನಾಥಾಲಯದ ಭೇಟಿ ಇದ್ದಿದ್ದರೆ ಇನ್ನೂ ಹೆಚ್ಚು ಯೋಚಿಸಬೇಕು. ಜಗತ್ತಿನ ಅನೇಕ ಕಡೆ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿರುತ್ತಾರೆ. ಸಂದರ್ಶಕರು ಬಂದು ದಾನ ಕೊಡುತ್ತಾರೆಂಬ ಕಾರಣಕ್ಕೇ ಬಡ ಮನೆಗಳಿಂದ ಮಕ್ಕಳನ್ನು ತಂದು ಸೇರಿಸುವುದೂ ಉಂಟು. ಆಸ್ಟ್ರೇಲಿಯಾದ ಸಂಸತ್ತು 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯಿದೆಯನ್ನು ಚರ್ಚಿಸುವಾಗ ಇದನ್ನೂ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು.

ನಿಘಂಟುಪ್ರಿಯ

ಮಲಾವಿ ಎಂದ ಕೂಡಲೇ ಸ್ಕಾಟ್ಲೆಂಡಿನ ಮಿಷನರಿ, ಅನ್ವೇಷಕ ಲಿವಿಂಗ್‌ಸ್ಟನ್‌ನ ಹೆಸರು ಬರುತ್ತದೆ, ಬ್ಲಾಂಟೈರ್ ನಗರಕ್ಕೆ ಅವನ ಹುಟ್ಟೂರಿನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಈ ಚರ್ಚೆಗೆ ಬೇಕಾದ ಹೆಸರುಗಳು ಬೇರೆ. ಸ್ಕಾಟ್ಲೆಂಡಿನವರು 1875ರಲ್ಲಿ ಸರೋವರದ ದಕ್ಷಿಣ ತುದಿಯ ಕೇಪ್ ಮ್ಯಾಕ್ಲಿಯರ್‌ನಲ್ಲಿ ಲಿವಿಂಗ್‌ಸ್ಟೋನಿಯಾ ಮಿಷನ್ ತೆರೆದರು. ಜ್ವರದಿಂದ ಒಬ್ಬರ ಮೇಲೊಬ್ಬರು ಸತ್ತ ಕಾರಣ 1881ರಲ್ಲಿ ಅಲ್ಲಿಂದ ಎದ್ದು ಉತ್ತರದ ಬಂಡಾವೆಗೆ ಹೋದರು. ಆಗ ಕೇಪ್ ಮ್ಯಾಕ್ಲಿಯರ್‌ನಲ್ಲಿ ಉಳಿದು ಕೆಲಸ ಮುಂದುವರಿಸಿದವನು ಆಲ್ಬರ್ಟ್ ನಮಲಂಬೆ, ಅದೇ ವರ್ಷ ದೀಕ್ಷಾಸ್ನಾನ ಪಡೆದ ಆ ಮಿಷನ್ನಿನ ಮೊದಲ ವಿಶ್ವಾಸಿ. ದಕ್ಷಿಣ ಆಫ್ರಿಕದಿಂದ 1876ರಲ್ಲಿ ಬಂದ ವಿಲಿಯಂ ಕೋಯಿ ಎಂಬ ಹೋಸಾ ಜನಾಂಗದ ಸುವಾರ್ತಿಕನು ಉತ್ತರದ ನ್ಗೋನಿ ಜನರ ನಡುವೆ ಬಾಳಿ 1886ರಲ್ಲಿ ಅಲ್ಲಿಯೇ ತೀರಿಕೊಂಡನು. ಸ್ಕಾಟ್ಲೆಂಡಿಗೆ ಹೋದ ವರದಿಗಳಲ್ಲಿ ಇಂಥವರಿಗೆ ಎಷ್ಟು ಸಾಲು ಸಿಕ್ಕಿರಬಹುದೆಂದು ಯೋಚಿಸಿ, ನಿಮ್ಮ ವರದಿಯಲ್ಲಿ ಆ ಪಂಪಿನ ಹೆಂಗಸರಿಗೆ ಎಷ್ಟು ಸಾಲು ಕೊಡುತ್ತೀರೆಂದು ತೀರ್ಮಾನಿಸಿ.

ಇನ್ನೊಂದು ಕಾಕತಾಳೀಯ, ನನ್ನ ಹುಚ್ಚಿಗೆ ಸಂಬಂಧಪಟ್ಟದ್ದು. ಬ್ಲಾಂಟೈರ್‌ನ ಡೇವಿಡ್ ಕ್ಲೆಮೆಂಟ್ ಸ್ಕಾಟ್ ಎಂಬ ಮಿಷನರಿ, ಚಿಚೆವಾಕ್ಕೆ ತೀರ ಹತ್ತಿರದ ಮಂಗಾಂಜಾ ಭಾಷೆಯ ನಿಘಂಟನ್ನು ಪ್ರಕಟಿಸಿದ್ದು 1892ರಲ್ಲಿ. ಕಿಟ್ಟೆಲರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಕಿಟ್ಟೆಲರು ನಮ್ಮಲ್ಲಿಗೆ ಬಂದದ್ದು 1853ರಲ್ಲಿ. ನಡುವೆ 41 ವರ್ಷಗಳು. ಅವರ ಧರ್ಮಪ್ರಚಾರದ ಬಗ್ಗೆ ಯಾರು ಏನೇ ಹೇಳಲಿ, ನಿಘಂಟನ್ನು ಮಾತ್ರ ಎಲ್ಲರೂ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ. ಸಹೋದರರೇ, 16 ದಿನಗಳಲ್ಲಿ ನಿಮ್ಮ ತಂಡ ಎಷ್ಟು ಚಿಚೆವಾ ಕಲಿಯಿತು?

ಮರಳಿ ಬಂದವನು

ಕಲಿತದ್ದು ಹೇಳಿಕೊಳ್ಳುವಷ್ಟಿಲ್ಲ. ಅಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ, ಹೊರಗೆ ನಿಂತು ಓಡಿ ಎಂದು ಕೂಗುತ್ತಾರೆ. ಒಳಗಿನವರು ಓಡೀನಿ ಎಂದರೆ ಬರಬಹುದೆಂದು ಅರ್ಥ. ಮೊದಲನೆಯ ಬೆಳಿಗ್ಗೆ ನಮ್ಮ ಕೋಣೆಯ ಹೊರಗೆ ಹೆಂಗಸೊಬ್ಬರು ಓಡಿ, ಓಡಿ ಎಂದಾಗ ಏನೋ ಅನಾಹುತವಾಯಿತೆಂದು ನಮ್ಮಿಬ್ಬರು ಚಪ್ಪಲಿಯನ್ನೂ ಹಾಕದೆ ಹಿಂದಿನ ಬಾಗಿಲಿನಿಂದ ಓಡಿಯೇಬಿಟ್ಟರು. ಆಕೆ ಬಿಸಿನೀರು ತಂದಿದ್ದರು. ಅಂದಿನಿಂದ ಕೊನೆಯ ದಿನದವರೆಗೆ ಊರಿನ ಮಕ್ಕಳು ನಮ್ಮನ್ನು ಕಂಡಾಗಲೆಲ್ಲ ಓಡಿ ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವಿನ ಚಿತ್ರವನ್ನೇ ನಾನು ಸುವಾರ್ತೆಯ ಫಲವೆಂದು ತೋರಿಸಲು ಹೊರಟಿದ್ದೆ. ತಂದೆತಾಯಿಗಳನ್ನು ಕೇಳಿರಲಿಲ್ಲ. ಚಿತ್ರವನ್ನು ತೆಗೆದುಹಾಕಿದ್ದೇನೆ.

ಮರಳಿ ಬಂದವನು

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಭಾನುವಾರದ ವರದಿ ಮುಗಿಯಿತು. ಬಕೆಟ್ಟಿನ ನೀರಿನಿಂದ ಪ್ರಾರಂಭಿಸಿ, ಗೋಡೆಯ ಮೂರು ಬಣ್ಣಗಳನ್ನು ಹೇಳಿ, ಎರಡು ಅಂಕಿಗಳನ್ನೂ ಅಕ್ಕಪಕ್ಕ ತೋರಿಸಿದೆ. ಒಂದೇ ಚಿತ್ರವಿತ್ತು: ಒಣಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ ಪಂಪಿನ ಸರಳುಗಳು. ಒಂದಿಬ್ಬರು ಹಿರಿಯರಿಗೆ ಬೇಸರವಾಯಿತು. ಎಷ್ಟು ಆತ್ಮಗಳು ರಕ್ಷಣೆ ಹೊಂದಿದವು ಎಂದು ಒಬ್ಬರು ಕೇಳಿದರು. ನಾವು ಹೋದ ಹಳ್ಳಿಯಲ್ಲಿ ನಮ್ಮ ಸಭೆಗಿಂತ ಹಳೆಯ ಸಭೆಯಿದೆ, ನಮಗಿಂತ ಹೆಚ್ಚು ಹೊತ್ತು ಪ್ರಾರ್ಥಿಸುತ್ತಾರೆ ಎಂದು ಉತ್ತರಿಸಿದೆ. ಮುಂದಿನ ವರ್ಷ ತಂಡ ಹೋಗಬೇಕೇ ಎಂಬುದನ್ನು ಅಲ್ಲಿನ ಸಭೆಯವರನ್ನೇ ಕೇಳಿ ತೀರ್ಮಾನಿಸುವುದೆಂದೂ, ಹೋಗುವುದಾದರೆ ಮೂವರಿಗಿಂತ ಹೆಚ್ಚು ಮಂದಿ ಬೇಡವೆಂದೂ ಸಮಿತಿ ಒಪ್ಪಿದೆ. ಫೆಬ್ರವರಿಯ ಮಾತಿಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಅಂದು ರಾತ್ರಿ ಆ ಗಾದೆಯ ಹಿರಿಯರಿಂದ ವಾಟ್ಸಾಪಿನಲ್ಲಿ ಒಂದು ಧ್ವನಿಸಂದೇಶ ಬಂತು. ನೀವೆಲ್ಲರೂ ಕ್ಷೇಮವಾಗಿ ಮನೆ ಸೇರಿದಿರಾ, ಒಂದು ತಿಂಗಳಾದರೂ ಸುದ್ದಿಯಿಲ್ಲ, ಹೆಂಗಸರ ಕೂಟದವರು ಪ್ರತಿ ವಾರ ನಿಮ್ಮ ಪ್ರಯಾಣಕ್ಕಾಗಿ ಪ್ರಾರ್ಥಿಸುತ್ತಲೇ ಇದ್ದಾರೆ, ನಿಲ್ಲಿಸಬಹುದೇ ಎಂದು ಕೇಳಿದ್ದರು. 11 ಮಂದಿಯಲ್ಲಿ ಒಬ್ಬರೂ ತಲುಪಿದ ಸುದ್ದಿಯನ್ನು ಅವರಿಗೆ ತಿಳಿಸಿರಲಿಲ್ಲ.

ಈಗ ಅವರಿಗೆ ಒಂದು ವರದಿ ಬರೆಯುತ್ತಿದ್ದೇನೆ, ಚಿಚೆವಾದಲ್ಲಿ. ಮೂರು ದಿನಗಳಲ್ಲಿ ಎರಡು ವಾಕ್ಯಗಳಾಗಿವೆ. ಹೆಂಗಸರು ನಮಗಾಗಿ ಹೊತ್ತು ತಂದ ನೀರು ಎಂಬುದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದೆಂದು ದಾದಿ ಅಕ್ಕನವರು ದಯವಿಟ್ಟು ತಿಳಿಸಿಕೊಡಬೇಕು.